ಗೇಮ್ ಸಿನಿಮಾ ಅಂದರೆ ವಿಮರ್ಶಕರಿಗೆ ಆಗುವುದಿಲ್ಲವಾ?

2025ರ ಏಪ್ರಿಲ್. ಮಕ್ಕಳಿಗೆ ಬೇಸಿಗೆ ರಜೆ ಆಗಷ್ಟೇ ಶುರುವಾಗಿತ್ತು. ಅಕ್ಕನ ಮಗನನ್ನು ಬೈಕ್ ಹಿಂದೆ ಕೂರಿಸಿಕೊಂಡು ತುಮಕೂರಿನ ಥಿಯೇಟರ್‌ಗೆ ‘ಎ ಮೈನ್‌ಕ್ರಾಫ್ಟ್ ಮೂವಿ’ ನೋಡಲು ಹೋಗಿದ್ದೆ. ಮೈನ್‌ಕ್ರಾಫ್ಟ್ ಅನ್ನುವ ವಿಡಿಯೋ ಗೇಮ್‌ನಿಂದ ಮಾಡಿದ ಸಿನಿಮಾ ಅದು. ಅವನಿಗೆ ಹನ್ನೊಂದು ವರ್ಷ. ಎರಡು ವರ್ಷದಿಂದ ಅವರಮ್ಮನ ಹಳೇ ಲ್ಯಾಪ್‌ಟಾಪ್‌ನಲ್ಲಿ ಆ ಗೇಮ್ ಆಡುತ್ತಾನೆ. ಸಿನಿಮಾ ಓಡುವಾಗ ನಾನು ತೆರೆಗಿಂತ ಜಾಸ್ತಿ ಅವನನ್ನೇ ನೋಡಿದೆ. ತೆರೆ ಮೇಲೆ ಯಾರಾದರೂ ಕಲ್ಲು ಒಡೆಯಲು ಶುರು ಮಾಡಿದರೆ ಸಾಕು, ಇವನ ಬಲಗೈ ತೋರುಬೆರಳು ಕುರ್ಚಿಯ ಕೈ ಮೇಲೆ ಗಟ್ಟಿಯಾಗಿ ಒತ್ತಿಕೊಳ್ಳುತ್ತಿತ್ತು, ಕಲ್ಲು ಒಡೆದು ಮುಗಿಯುವ ತನಕ ಬಿಡುತ್ತಿರಲಿಲ್ಲ. ಗೇಮ್‌ನಲ್ಲಿ ಮೌಸ್ ಹಾಗೇ ಒತ್ತಿ ಹಿಡಿಯಬೇಕು. ತಾನು ಹಾಗೆ ಮಾಡುತ್ತಿರುವುದು ಅವನಿಗೆ ಗೊತ್ತೇ ಇರಲಿಲ್ಲ.

ಆಮೇಲೆ ಒಂದು ದೃಶ್ಯ ಬಂತು. ಪುಟ್ಟ ಜಾಂಬಿ (ಎದ್ದು ಓಡಾಡುವ ಹೆಣ) ಒಂದು ಕೋಳಿ ಮೇಲೆ ಸವಾರಿ ಮಾಡಿಕೊಂಡು ಬರುತ್ತದೆ. ನನಗೆ ಅದರಲ್ಲಿ ವಿಶೇಷ ಏನೂ ಕಾಣಲಿಲ್ಲ. ಇವನು ಮತ್ತು ಹಿಂದಿನ ಸಾಲಿನ ನಾಲ್ಕೈದು ಹುಡುಗರು ಸೀಟಿನಿಂದ ಎದ್ದು ಕೂಗಿಬಿಟ್ಟರು. ಅಮೆರಿಕದ ಥಿಯೇಟರ್‌ಗಳಲ್ಲಿ ಇದೇ ದೃಶ್ಯಕ್ಕೆ ಹುಡುಗರು ಪಾಪ್‌ಕಾರ್ನ್ ಎರಚಿ ಗಲಾಟೆ ಮಾಡಿದ್ದು ದೊಡ್ಡ ಸುದ್ದಿಯಾಯಿತು. ಹೊರಗೆ ಬಂದ ಮೇಲೆ ಅವನೇ ವಿವರಿಸಿದ. ಗೇಮ್‌ನಲ್ಲಿ ಆ ಜೋಡಿ ಬರುವುದು ಬಹಳ ಅಪರೂಪ, ಎಷ್ಟೋ ದಿನ ಆಡಿದರೂ ಕಣ್ಣಿಗೆ ಬೀಳದಿರಬಹುದು. ಅದಕ್ಕೇ ಆ ಕೂಗು.

ಮನೆಗೆ ಬಂದು ನನ್ನ ಫೋನ್ ಇಸ್ಕೊಂಡು, ಸಿನಿಮಾ ವಿಮರ್ಶೆಗಳನ್ನೆಲ್ಲ ಒಂದು ಕಡೆ ಸೇರಿಸುವ ರಾಟನ್ ಟೊಮೇಟೋಸ್ ವೆಬ್‌ಸೈಟ್ ನೋಡಿದ. ವಿಮರ್ಶಕರದು 48 ಪರ್ಸೆಂಟ್ ಆಸುಪಾಸು. ಪ್ರೇಕ್ಷಕರದು 85ರ ಹತ್ತಿರ. ಮುಖ ಸಣ್ಣಗಾಯಿತು. “ಮಾಮ, ಇವರಿಗೆ ಗೇಮ್ ಅಂದ್ರೇನೇ ಆಗಲ್ಲ ಅಲ್ವಾ?” ಅಂದ.

ಇದು ಹನ್ನೊಂದು ವರ್ಷದ ಹುಡುಗನೊಬ್ಬನ ಪ್ರಶ್ನೆ ಮಾತ್ರ ಅಲ್ಲ. ಗೇಮ್ ಆಡುವವರೆಲ್ಲ ಮೂವತ್ತು ವರ್ಷದಿಂದ ಕೇಳುತ್ತಿರುವ ಪ್ರಶ್ನೆ. ನಾನೂ ಆಡುವವನೇ. ಟಿವಿಗೆ ಸಿಕ್ಕಿಸುವ ವಿಡಿಯೋ ಗೇಮ್ ಡಬ್ಬಿ, ಅದಕ್ಕೊಂದು ಕ್ಯಾಸೆಟ್, ಕ್ಯಾಸೆಟ್ ಓಡದಿದ್ದರೆ ಬಾಯಲ್ಲಿ ಉಫ್ ಅಂತ ಊದಿ ಮತ್ತೆ ಹಾಕುವುದು, ಹೀಗೆ ಬೆಳೆದವನು. ಕಾಲೇಜಿನ ದಿನಗಳಲ್ಲಿ ಬಿ.ಎಚ್. ರೋಡ್ ಕಡೆ ಗಂಟೆಗಿಷ್ಟು ಅಂತ ದುಡ್ಡು ಕೊಟ್ಟು ಕಂಪ್ಯೂಟರ್ ಮುಂದೆ ಕೂತವನು. ಹಾಗಾಗಿ ಈ ಪ್ರಶ್ನೆಗೆ ‘ಹೌದು ಕಣೋ, ಅವರು ಹಾಗೇ’ ಅಂದುಬಿಡುವುದು ನನಗೆ ಸುಲಭವಿತ್ತು. ಆದರೆ ಅದು ನಿಜ ಅಲ್ಲ. ಪೂರ್ತಿ ಸುಳ್ಳೂ ಅಲ್ಲ. ಎಲ್ಲಿ ನಿಜ, ಎಲ್ಲಿ ಅಲ್ಲ ಅನ್ನುವುದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಮೊದಲು ಆ ಪರ್ಸೆಂಟ್ ವಿಷಯ. ಅರ್ಧ ಜಗಳ ಹುಟ್ಟುವುದೇ ಅಲ್ಲಿಂದ. ರಾಟನ್ ಟೊಮೇಟೋಸ್‌ನ 48 ಅಂದರೆ ವಿಮರ್ಶಕರು ನೂರಕ್ಕೆ 48 ಮಾರ್ಕ್ಸ್ ಕೊಟ್ಟಿದ್ದಾರೆ ಅಂತಲ್ಲ. ಬರೆದವರಲ್ಲಿ ನೂರಕ್ಕೆ 48 ಜನ ‘ನೋಡಬಹುದು’ ಅಂದಿದ್ದಾರೆ ಅಂತ ಅರ್ಥ. ಎಸ್ಸೆಸ್ಸೆಲ್ಸಿ ರಿಸಲ್ಟ್ ಇದ್ದ ಹಾಗೆ. ಒಂದು ಶಾಲೆಗೆ ನೂರಕ್ಕೆ ನೂರು ರಿಸಲ್ಟ್ ಬಂದಿದೆ ಅಂದರೆ ಅಲ್ಲಿನ ಮಕ್ಕಳೆಲ್ಲ ಡಿಸ್ಟಿಂಕ್ಷನ್ ಅಂತಲ್ಲ, ಎಲ್ಲರೂ ಬರೀ ಪಾಸ್ ಮಾರ್ಕ್ಸ್ ತಗೊಂಡಿದ್ದರೂ ನೂರಕ್ಕೆ ನೂರೇ. ಹಾಗೇ ಎಲ್ಲ ವಿಮರ್ಶಕರೂ ಬರೀ ‘ಪರವಾಗಿಲ್ಲ’ ಅಂದ ಸಿನಿಮಾಗೆ ನೂರು ಬರಬಹುದು, ಅರ್ಧ ಜನ ತಲೆ ಮೇಲೆ ಹೊತ್ತುಕೊಂಡು ಇನ್ನರ್ಧ ಜನ ಬೇಡ ಅಂದ ಸಿನಿಮಾಗೆ 50 ಬರಬಹುದು. 60ಕ್ಕಿಂತ ಕೆಳಗಿದ್ದರೆ ಕೊಳೆತ ಟೊಮೇಟೊ ಗುರುತು. ಮೈನ್‌ಕ್ರಾಫ್ಟ್‌ನ 48 ಅಂದರೆ ಹೆಚ್ಚು ಕಡಿಮೆ ಅರ್ಧ ಜನಕ್ಕೆ ಇಷ್ಟವಾಗಿದೆ ಅಂತ. ದ್ವೇಷ ಇದ್ದರೆ ಅರ್ಧ ಜನಕ್ಕೆ ಹೇಗೆ ಇಷ್ಟವಾಗುತ್ತದೆ?

ಇನ್ನು ಪ್ರೇಕ್ಷಕರ 85. ಅದನ್ನು ಕೊಟ್ಟವರು ಯಾರು? ಮೊದಲ ವಾರ ದುಡ್ಡು ಕೊಟ್ಟು, ಬೇಕು ಅಂತಲೇ ಹೋದವರು. ಗೇಮ್ ಗೊತ್ತಿಲ್ಲದವರು, ಇಷ್ಟ ಇಲ್ಲದವರು ಆ ಕಡೆ ತಲೆ ಹಾಕುವುದೇ ಇಲ್ಲ. ವಿಮರ್ಶಕರಿಗೆ ಆ ಆಯ್ಕೆ ಇಲ್ಲ, ಶುಕ್ರವಾರ ಏನು ಬರುತ್ತದೋ ಅದನ್ನು ನೋಡಲೇಬೇಕು. ಎರಡೂ ಗುಂಪನ್ನು ಪಕ್ಕಪಕ್ಕ ನಿಲ್ಲಿಸಿ ‘ನೋಡಿ ಎಷ್ಟು ಅಂತರ’ ಅಂದರೆ ಅದು ಸರಿಯಾದ ಹೋಲಿಕೆ ಅಲ್ಲ. ಆ ಅಂತರ ವೆಬ್‌ಸೈಟಿನ ಲೆಕ್ಕದಿಂದ ಬಂದದ್ದು, ಯಾರ ಹೊಟ್ಟೆಕಿಚ್ಚಿನಿಂದಲೂ ಅಲ್ಲ.

ಈಗ ಹಳೇ ಲೆಕ್ಕ. ಗೇಮ್ ಸಿನಿಮಾಗಳಿಗೆ ಕೆಟ್ಟ ಹೆಸರು ಬಂದಿದ್ದು ಸುಮ್ನೆ ಅಲ್ಲ. 1993ರಲ್ಲಿ ಹಾಲಿವುಡ್ ಮೊದಲ ಸಲ ದೊಡ್ಡದಾಗಿ ಕೈ ಹಾಕಿದ್ದು ‘ಸೂಪರ್ ಮಾರಿಯೋ ಬ್ರದರ್ಸ್‌’ಗೆ. ಗೇಮ್ ಆಡಿದವರಿಗೆ ಗೊತ್ತು, ಅದು ಹಸಿರು ಪೈಪು, ಅಣಬೆ, ನೀಲಿ ಆಕಾಶದ ಲೋಕ. ಸಿನಿಮಾದಲ್ಲಿ ಅದನ್ನೆಲ್ಲ ತೆಗೆದು, ಡೈನೋಸಾರ್‌ಗಳು ಮನುಷ್ಯರಾಗಿ ಬದುಕುವ ಕತ್ತಲೆಯ ಕೊಳಕು ನಗರವೊಂದನ್ನು ತಂದಿಟ್ಟರು. ಮಾರಿಯೋ ಪಾತ್ರ ಮಾಡಿದ ಬಾಬ್ ಹಾಸ್ಕಿನ್ಸ್ ಒಳ್ಳೆಯ ನಟ. ಅವರೇ ಮುಂದೆ ಸಂದರ್ಶನದಲ್ಲಿ ತಾವು ಮಾಡಿದ್ದರಲ್ಲೆಲ್ಲ ಅತ್ಯಂತ ಕೆಟ್ಟ ಕೆಲಸ ಅದು ಅಂದರು. ನಾಯಕ ನಟನೇ ಹೀಗಂದ ಮೇಲೆ ವಿಮರ್ಶಕರನ್ನು ಬೈದು ಏನು ಪ್ರಯೋಜನ?

ಅಲ್ಲಿಂದ ಹತ್ತು ಹನ್ನೆರಡು ವರ್ಷ ಬಂದವುಗಳಲ್ಲಿ ಹೆಚ್ಚಿನವು ಅಷ್ಟಕ್ಕಷ್ಟೇ. ಗೇಮ್‌ನ ಹೆಸರು ಇದ್ದರೆ ಸಾಕು, ಹುಡುಗರು ಬಂದೇ ಬರುತ್ತಾರೆ ಅನ್ನುವ ಲೆಕ್ಕ. ಜರ್ಮನಿಯ ಊವೆ ಬೋಲ್ ಅನ್ನುವ ನಿರ್ದೇಶಕ ಸಾಲಾಗಿ ಗೇಮ್ ಸಿನಿಮಾ ಮಾಡಿದರು. 2003ರಲ್ಲಿ ‘ಹೌಸ್ ಆಫ್ ದಿ ಡೆಡ್’, 2005ರಲ್ಲಿ ‘ಅಲೋನ್ ಇನ್ ದಿ ಡಾರ್ಕ್’. ಎರಡನೆಯದಕ್ಕೆ ರಾಟನ್ ಟೊಮೇಟೋಸ್‌ನಲ್ಲಿ ಸಿಕ್ಕಿದ್ದು 1 ಪರ್ಸೆಂಟ್. ಸಿನಿಮಾಗಳು ಸೋತರೂ ಮತ್ತೆ ಮತ್ತೆ ದುಡ್ಡು ಹುಟ್ಟುತ್ತಿತ್ತು, ಯಾಕೆಂದರೆ ಆಗಿನ ಜರ್ಮನಿಯ ಕಾನೂನಿನಲ್ಲಿ ಸಿನಿಮಾಗೆ ಹಾಕಿದ ಬಂಡವಾಳವನ್ನು ತೆರಿಗೆ ಲೆಕ್ಕದಿಂದ ಕಳೆಯಲು ಅವಕಾಶವಿತ್ತು. 2006ರಲ್ಲಿ ಇದೇ ನಿರ್ದೇಶಕ ತನ್ನನ್ನು ಬೈದ ಕೆಲವರನ್ನು ಬಾಕ್ಸಿಂಗ್‌ಗೆ ಕರೆದು ರಿಂಗಿನಲ್ಲಿ ಹೊಡೆದು ಗೆದ್ದರು. ಗೆದ್ದಿದ್ದರಿಂದ ಸಿನಿಮಾ ಏನೂ ಚೆನ್ನಾಗಲಿಲ್ಲ. ಆ ಕಾಲದಲ್ಲಿ ಗೇಮ್ ಸಿನಿಮಾ ಅಂದರೆ ವಿಮರ್ಶಕರು ಮುಖ ಕಿವುಚುತ್ತಿದ್ದರು ಅಂದರೆ, ಹತ್ತು ಸಲ ಹಳಸಿದ ಅನ್ನ ಬಡಿಸಿಕೊಂಡವನು ಹನ್ನೊಂದನೇ ಸಲ ಮೂಸಿ ನೋಡಿದ ಹಾಗೆ.

ರೋಜರ್ ಈಬರ್ಟ್ ಕತೆ ಇಲ್ಲಿ ಹೇಳಲೇಬೇಕು. ಗೇಮ್ ಆಡುವವರು ಪೂರ್ವಗ್ರಹಕ್ಕೆ ಸಾಕ್ಷಿ ಅಂತ ಮೊದಲು ತೋರಿಸುವುದೇ ಅವರನ್ನು. ಅಮೆರಿಕದ ಅತಿ ಹೆಸರುವಾಸಿ ಸಿನಿಮಾ ವಿಮರ್ಶಕ. 2010ರಲ್ಲಿ ವಿಡಿಯೋ ಗೇಮ್ ಎಂದಿಗೂ ಕಲೆ ಆಗಲಾರದು ಅಂತ ಬರೆದರು. ಸಾವಿರಾರು ಜನ ಮುಗಿಬಿದ್ದು ಉತ್ತರ ಕೊಟ್ಟರು. ನನಗೂ ಆಗ ಬಹಳ ಸಿಟ್ಟು ಬಂದಿತ್ತು. ಆದರೆ ಇದೇ ಈಬರ್ಟ್ 2001ರಲ್ಲಿ ಏಂಜಲೀನಾ ಜೋಲಿ ನಟಿಸಿದ ‘ಟೂಂಬ್ ರೈಡರ್‌’ಗೆ ನಾಲ್ಕಕ್ಕೆ ಮೂರು ಸ್ಟಾರ್ ಕೊಟ್ಟಿದ್ದರು. ಅದೇ ವರ್ಷದ ‘ಫೈನಲ್ ಫ್ಯಾಂಟಸಿ: ದಿ ಸ್ಪಿರಿಟ್ಸ್ ವಿದಿನ್‌’ಗೆ ಮೂರೂವರೆ. ಬೇರೆ ವಿಮರ್ಶಕರು ಟೂಂಬ್ ರೈಡರ್ ಬೇಡವೇ ಬೇಡ ಅಂದಿದ್ದಾಗ ಇವರು ನೋಡಿ ಖುಷಿಪಟ್ಟಿದ್ದರು. ಅಂದರೆ ಗೇಮ್ ಬಗ್ಗೆ ಪೂರ್ವಗ್ರಹ ಇದ್ದ ಮನುಷ್ಯನಿಗೇ ಗೇಮ್ ಸಿನಿಮಾ ಬಗ್ಗೆ ಪೂರ್ವಗ್ರಹ ಇರಲಿಲ್ಲ. ಇವೆರಡೂ ಬೇರೆ ಬೇರೆ. ನಾವು ಯಾವಾಗಲೂ ಕಲಸಿಬಿಡುತ್ತೇವೆ. 2010ರ ಆ ಲೇಖನ ಬಂದು ಕೆಲವು ತಿಂಗಳಾದ ಮೇಲೆ ಅವರೇ ಇನ್ನೊಂದು ಲೇಖನ ಬರೆದು, ಸರಿಯಾಗಿ ಆಡಿ ನೋಡದೆ ಆ ವಿಷಯ ಎತ್ತಬಾರದಿತ್ತು ಅಂತ ಒಪ್ಪಿಕೊಂಡರು.

ಹಾಗಾದರೆ ಗೇಮ್ ಬಗ್ಗೆ ತಾತ್ಸಾರ ಇರಲಿಲ್ಲವಾ? ಇತ್ತು. ಬಹಳ ಇತ್ತು. ಆದರೆ ಅದು ಕಾಣುತ್ತಿದ್ದದ್ದು ಬೇರೆ ಕಡೆ. ಗೇಮ್‌ಗೆ ಸಂಬಂಧವೇ ಇಲ್ಲದ ಯಾವುದೋ ಆ್ಯಕ್ಷನ್ ಸಿನಿಮಾ ಇಷ್ಟವಾಗದಿದ್ದರೆ ‘ವಿಡಿಯೋ ಗೇಮ್ ನೋಡಿದ ಹಾಗಿದೆ’ ಅಂತ ಬರೆಯುವುದು ಎಷ್ಟೋ ವರ್ಷ ವಿಮರ್ಶಕರ ರೂಢಿಯಾಗಿತ್ತು. ಅಲ್ಲಿ ಗೇಮ್ ಅಂದರೆ ತಲೆಬುಡ ಇಲ್ಲದ ಗದ್ದಲ. ಆಡಿದವನಿಗೆ ಈ ಮಾತು ಚುಚ್ಚುತ್ತದೆ. ನಮ್ಮ ಜಿಲ್ಲೆಯವರಿಗೆ ಈ ನೋವು ಬೇರೆ ದಾರಿಯಲ್ಲೂ ಗೊತ್ತು. ಸಿನಿಮಾದಲ್ಲಿ ಯಾರಾದರೂ ಸ್ವಲ್ಪ ಜೋರಾಗಿ ಅಭಿನಯಿಸಿದರೆ ಸಾಕು, ‘ಕಂಪನಿ ನಾಟಕದ ತರ ಇದೆ’ ಅಂತ ಕನ್ನಡದಲ್ಲಿ ಈಗಲೂ ಬೈಯುತ್ತಾರೆ. ಬರೆದವರು ಒಂದೇ ಒಂದು ಕಂಪನಿ ನಾಟಕ ಪೂರ್ತಿ ನೋಡಿರುತ್ತಾರೋ ಇಲ್ಲವೋ. ಗುಬ್ಬಿ ಇಲ್ಲಿಂದ ಇಪ್ಪತ್ತು ಕಿಲೋಮೀಟರ್. ಗುಬ್ಬಿ ವೀರಣ್ಣನವರು ರಂಗದ ಮೇಲೆ ಆನೆ ಕುದುರೆ ತಂದು ನಿಲ್ಲಿಸಿದವರು. 1954ರ ‘ಬೇಡರ ಕಣ್ಣಪ್ಪ’ ಆ ಕಂಪನಿಯ ನಾಟಕದಿಂದಲೇ ಬಂದ ಸಿನಿಮಾ, ರಾಜ್‌ಕುಮಾರ್ ನಾಯಕರಾದ ಮೊದಲ ಸಿನಿಮಾ. ಕನ್ನಡ ಸಿನಿಮಾ ನಿಂತಿರುವುದೇ ಕಂಪನಿ ನಾಟಕದ ಹೆಗಲ ಮೇಲೆ, ಆದರೂ ಅದರ ಹೆಸರು ಬೈಗುಳವಾಯಿತು. ಒಂದು ಕಲೆಯ ಹೆಸರನ್ನೇ ಇನ್ನೊಂದು ಕಲೆಯವರು ಬೈಗುಳ ಮಾಡಿಕೊಂಡರೆ ಅದಕ್ಕೆ ಪೂರ್ವಗ್ರಹ ಅನ್ನಬಹುದು. ಅಷ್ಟರಮಟ್ಟಿಗೆ ನನ್ನ ಅಕ್ಕನ ಮಗ ಹೇಳಿದ್ದು ಸರಿ.

ಆದರೆ ಸಿನಿಮಾಗಳಿಗೆ ಕೊಟ್ಟ ತೀರ್ಪನ್ನು ನೋಡಿದರೆ ಚಿತ್ರ ಬೇರೆ. ಪೂರ್ವಗ್ರಹ ಇದ್ದವನ ಲಕ್ಷಣ ಏನು? ಎದುರಿಗಿರುವುದು ಬದಲಾದರೂ ಅವನ ಮಾತು ಬದಲಾಗುವುದಿಲ್ಲ. ನೀಲಿ ಮುಳ್ಳುಹಂದಿಯೊಂದರ ಗೇಮ್‌ನಿಂದ ಬಂದ ‘ಸೋನಿಕ್’ ಸಿನಿಮಾ ಸರಣಿ ತಗೊಳ್ಳಿ. 2019ರಲ್ಲಿ ಮೊದಲ ಟ್ರೇಲರ್ ಬಂದಾಗ ಸೋನಿಕ್ ಮುಖ, ಹಲ್ಲು ನೋಡಿ ಮೊದಲು ಸಿಡಿದೆದ್ದವರು ಅಭಿಮಾನಿಗಳು. ಬಿಡುಗಡೆ ಮುಂದಕ್ಕೆ ಹಾಕಿ, ಸೋನಿಕ್ ರೂಪವನ್ನೇ ಮತ್ತೆ ಬಿಡಿಸಿ, 2020ರ ಫೆಬ್ರವರಿಯಲ್ಲಿ ತಂದರು. ವಿಮರ್ಶಕರ ಪರ್ಸೆಂಟ್ 60 ದಾಟಿತು. 2022ರ ಎರಡನೇ ಭಾಗಕ್ಕೆ 70ರ ಹತ್ತಿರ. 2024ರ ಮೂರನೇ ಭಾಗಕ್ಕೆ 85ರ ಆಸುಪಾಸು. ಅದೇ ನಿರ್ದೇಶಕ, ಅದೇ ನೀಲಿ ಮುಳ್ಳುಹಂದಿ, ಹೆಚ್ಚು ಕಡಿಮೆ ಅದೇ ವಿಮರ್ಶಕರು. ಸಿನಿಮಾ ಚೆನ್ನಾಗುತ್ತಾ ಹೋಯಿತು, ಅವರ ಮಾತೂ ಬದಲಾಗುತ್ತಾ ಹೋಯಿತು. ಅದೇ 2024ರಲ್ಲಿ ‘ಬಾರ್ಡರ್‌ಲ್ಯಾಂಡ್ಸ್’ ಬಂತು, ಕೇಟ್ ಬ್ಲಾಂಚೆಟ್ ತರದ ನಟಿ ಇದ್ದೂ 10 ಪರ್ಸೆಂಟ್. ಅಲ್ಲಿ ಪ್ರೇಕ್ಷಕರಾದರೂ ಕೈ ಹಿಡಿದರಾ? ಇಲ್ಲ. ಅಮೆರಿಕದಲ್ಲಿ ಸಿನಿಮಾ ಬಂದ ದಿನ ಥಿಯೇಟರ್‌ನಿಂದ ಹೊರಗೆ ಬರುವವರನ್ನೇ ಕೇಳಿ ಗ್ರೇಡ್ ಕೊಡುವ ಸಿನಿಮಾಸ್ಕೋರ್ ಅನ್ನುವ ಸಂಸ್ಥೆ ಇದೆ, ಅದರಲ್ಲಿ ಸಿಕ್ಕಿದ್ದು ಡಿ ಪ್ಲಸ್. ಬೇಕು ಅಂತ ಹೋದವರೇ ಕೊಟ್ಟಿದ್ದು ಅದು.

ಸಿನಿಮಾ ಬಿಟ್ಟು ಸೀರೀಸ್ ಕಡೆ ಬಂದರಂತೂ ವಾದವೇ ಮುಗಿಯುತ್ತದೆ. 2021ರ ‘ಆರ್ಕೇನ್’ ಮರುವರ್ಷ ಅನಿಮೇಷನ್‌ಗೆ ಅಮೆರಿಕದ ಟಿವಿ ಪ್ರಶಸ್ತಿಯಾದ ಎಮ್ಮಿ ಗೆದ್ದಿತು. 2023ರ ‘ದಿ ಲಾಸ್ಟ್ ಆಫ್ ಅಸ್‌’ಗೆ 90ಕ್ಕೂ ಜಾಸ್ತಿ ಪರ್ಸೆಂಟ್, ಎಂಟು ಎಮ್ಮಿ. 2024ರ ‘ಫಾಲ್‌ಔಟ್’ ಕೂಡ 90 ದಾಟಿತು. ಮೂರೂ ಗೇಮ್‌ನಿಂದ ಬಂದವೇ.

ಲಾಸ್ಟ್ ಆಫ್ ಅಸ್‌ನ ಮೂರನೇ ಕಂತನ್ನು ಸ್ವಲ್ಪ ನಿಂತು ನೋಡಬೇಕು. ಗೇಮ್‌ನಲ್ಲಿ ಬಿಲ್ ಅನ್ನುವವನು ಒಬ್ಬ ಸಿಗುತ್ತಾನೆ. ಅವನ ಸಂಗಾತಿ ಫ್ರಾಂಕ್ ನಮಗೆ ಸಿಗುವ ಹೊತ್ತಿಗೆ ಸತ್ತಿರುತ್ತಾನೆ. ಅವನು ಬರೆದಿಟ್ಟ ಒಂದು ಚೀಟಿ ಸಿಗುತ್ತದೆ, ಅಷ್ಟೇ. ಆಡುವವರಲ್ಲಿ ಎಷ್ಟೋ ಜನ ಆ ಚೀಟಿ ಎತ್ತಿಕೊಳ್ಳದೇ ಮುಂದೆ ಹೋಗಿರಬಹುದು. ಸೀರೀಸ್‌ನಲ್ಲಿ ಆ ಇಬ್ಬರ ಇಡೀ ಬದುಕು ಒಂದು ಕಂತಾಯಿತು. ಭೇಟಿ, ಜೊತೆಯಲ್ಲಿ ಮುದುಕರಾಗುವುದು, ಸ್ಟ್ರಾಬೆರಿ ತಿಂದು ನಗುವುದು, ಕೊನೆ. ಒತ್ತಲು ಬಟನ್ ಇಲ್ಲ, ಗೆಲ್ಲಲು ಲೆವೆಲ್ ಇಲ್ಲ. ವಿಮರ್ಶಕರು ಅತಿ ಜಾಸ್ತಿ ಮೆಚ್ಚಿದ ಕಂತುಗಳಲ್ಲಿ ಅದೂ ಒಂದು. ಗೇಮ್‌ನಲ್ಲಿ ಇಲ್ಲದ್ದು ಯಾಕೆ ಹಾಕಿದಿರಿ ಅಂತ ಸಿಟ್ಟಾಗಿ ಒಂದೇ ಸ್ಟಾರ್ ಕೊಟ್ಟು ಹೋದ ಅಭಿಮಾನಿಗಳೂ ಇದ್ದರು. ಆ ಕಂತು ಬರೆದದ್ದು ಕ್ರೇಗ್ ಮೇಜಿನ್. ಅವರ ಜೊತೆ ಸೇರಿ ಸೀರೀಸ್ ಕಟ್ಟಿದವರು ಯಾರು? ಗೇಮ್ ಬರೆದ ನೀಲ್ ಡ್ರಕ್‌ಮನ್ ಅವರೇ. ಮೂಲವನ್ನು ಕಟ್ಟಿದವನೇ ಮೂಲವನ್ನು ಬಿಡಲು ಒಪ್ಪಿದ್ದ.

ಮೂಲಕ್ಕೆ ನಿಷ್ಠೆ ಅನ್ನುವುದು ನಮಗೂ ಹೊಸ ಜಗಳ ಅಲ್ಲ. ತರಾಸು ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ಮಾಡಿದಾಗ, ನನ್ನ ನಾಗರಹಾವನ್ನು ಕೇರೆಹಾವು ಮಾಡಿದರು ಅಂತ ತರಾಸು ಬೇಸರಪಟ್ಟ ಮಾತು ಕನ್ನಡದ ಮನೆಮನೆಗೂ ಗೊತ್ತು. ಕಾದಂಬರಿಕಾರರ ನೋವು ನಿಜ. ಐವತ್ತು ವರ್ಷದಿಂದ ಜನ ಆ ಸಿನಿಮಾ ನೋಡುತ್ತಿರುವುದೂ ನಿಜ.

ಈಗ ನನಗೆ ನಿಜವಾಗಿ ಮುಖ್ಯ ಅನಿಸುವ ವಿಷಯಕ್ಕೆ ಬರುತ್ತೇನೆ. ಗೇಮ್‌ನಿಂದ ಸಿನಿಮಾ ಮಾಡುವುದು ಕಾದಂಬರಿಯಿಂದ ಮಾಡುವುದಕ್ಕಿಂತ ಕಷ್ಟ, ಯಾಕೆ?

ನಮ್ಮ ದೊಡ್ಡಪ್ಪ ಗುಬ್ಬಿ ತಾಲೂಕಿನ ಹಳ್ಳಿಯಲ್ಲಿ ಇರುವುದು. ರೈತರು. ನಮ್ಮ ಕಡೆ ಗೊತ್ತಲ್ಲ, ಜಾತ್ರೆ ಸಮಯಕ್ಕೆ ಊರವರೇ ಸೇರಿ ಕುರುಕ್ಷೇತ್ರ ನಾಟಕ ಆಡುತ್ತಾರೆ. ಪಾತ್ರಕ್ಕೆ ನಾವೇ ದುಡ್ಡು ಕೊಡಬೇಕು. ದುರ್ಯೋಧನ, ಕೃಷ್ಣ, ಕರ್ಣ ಅಂದರೆ ಜಾಸ್ತಿ, ಸಣ್ಣ ಪಾತ್ರಕ್ಕೆ ಕಡಿಮೆ. ಒಂದು ವರ್ಷ ದೊಡ್ಡಪ್ಪ ದುರ್ಯೋಧನ ಹಿಡಿದರು. ಹಾರ್ಮೋನಿಯಂ ಮೇಷ್ಟ್ರು ಬಂದು ಮೂರು ತಿಂಗಳು ಪ್ರಾಕ್ಟೀಸ್ ಕೊಟ್ಟರು. ತೋಟಕ್ಕೆ ನೀರು ಹಾಯಿಸುವಾಗಲೂ ಕಂದ ಪದ್ಯ ಹೇಳಿಕೊಳ್ಳುತ್ತಿದ್ದರು. ನಾಟಕದ ರಾತ್ರಿ ಬಾಡಿಗೆಗೆ ತಂದ ಕಿರೀಟ, ಭುಜಕೀರ್ತಿ, ಗದೆ. ದೊಡ್ಡಪ್ಪ ಗದೆ ಎತ್ತಿ ನಿಂತು ಪದ್ಯ ಶುರು ಮಾಡಿದರು, ಎರಡನೇ ಸಾಲಿನಲ್ಲಿ ಶ್ರುತಿ ತಪ್ಪಿತು, ಮೇಷ್ಟ್ರು ಹಾರ್ಮೋನಿಯಂನಲ್ಲಿ ಹಿಂದೆ ಬಂದು ಕೈ ಹಿಡಿದು ಎತ್ತಿದ ಹಾಗೆ ಎತ್ತಿಕೊಂಡರು, ಜನ ಒನ್ಸ್ ಮೋರ್ ಅಂದರು, ದೊಡ್ಡಪ್ಪ ಮತ್ತೆ ಮೊದಲಿಂದ ಹಾಡಿದರು. ಬೆಳಗಿನ ಜಾವದ ತನಕ ನಡೆಯಿತು. ನಾನು ಚಾಪೆ ಮೇಲೆ ಕೂತು ಕಣ್ಣು ಮಿಟುಕಿಸದೆ ನೋಡಿದ್ದೆ.

ಅವರ ಮಗ ಅದನ್ನು ಪೂರ್ತಿ ವಿಡಿಯೋ ಮಾಡಿಸಿದ್ದ. ಒಂದು ತಿಂಗಳಾದ ಮೇಲೆ ಮನೆಯಲ್ಲಿ ಟಿವಿಗೆ ಹಾಕಿದರು. ದೊಡ್ಡಪ್ಪ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು ಬಂದು ಕೂತರು. ಹತ್ತು ನಿಮಿಷ ನೋಡಿದರು. ತಮ್ಮ ಪದ್ಯ ಬಂತು. ಅದು ಮುಗಿಯುವ ಮೊದಲೇ ಎದ್ದರು. “ಅವತ್ತು ಹಿಂಗಿರ್ಲಿಲ್ಲ ಕಣೋ,” ಅಂದು ದನದ ಕೊಟ್ಟಿಗೆ ಕಡೆ ಹೋದರು. ವಿಡಿಯೋದಲ್ಲಿ ಒಂದು ಪದ್ಯ ಬಿಟ್ಟಿರಲಿಲ್ಲ, ಎಲ್ಲವೂ ಇತ್ತು. ಇಲ್ಲದಿದ್ದದ್ದು ಗದೆ ಅವರ ಕೈಯಲ್ಲಿ ಇದ್ದಾಗಿನ ಭಾರ.

ಗೇಮ್ ಆಡುವುದು ಅಂದರೆ ಆ ಗದೆ ಹಿಡಿದಂತೆ. ಪಾತ್ರ ನಾವೇ ತಗೊಂಡಿದ್ದೇವೆ. ಸೋತರೆ ನಾವೇ ಸೋತದ್ದು. ಒಂದು ಲೆವೆಲ್ ದಾಟಲು ಇಪ್ಪತ್ತು ಸಲ ಸತ್ತು ಇಪ್ಪತ್ತೊಂದನೇ ಸಲ ದಾಟಿದಾಗ ಆಗುವ ಸಂತೋಷ ಕತೆಯಿಂದ ಬರುವುದಲ್ಲ, ಕೈಯಿಂದ ಬರುವುದು. ಸಿನಿಮಾ ಮಾಡುವಾಗ ಮೊದಲು ಕಿತ್ತುಕೊಳ್ಳುವುದೇ ಆ ಕೈಯನ್ನು. ಉಳಿಯುವುದು ಕತೆ. ಮಾರಿಯೋದಲ್ಲಿ ಏನು ಕತೆ ಇದೆ? ರಾಜಕುಮಾರಿಯನ್ನು ಯಾರೋ ಹೊತ್ತುಕೊಂಡು ಹೋದರು, ಬಿಡಿಸಿಕೊಂಡು ಬಾ. ಅಷ್ಟೇ. ಅದನ್ನೇ ನಾವು ಬೇಸಿಗೆಯಿಡೀ ಆಡಿದ್ದು. ಕತೆ ಇರುವ ದೊಡ್ಡ ಗೇಮ್‌ಗಳದ್ದು ಇನ್ನೊಂದು ತೊಂದರೆ. ಅವುಗಳಲ್ಲಿ ಎಷ್ಟೋ ಸಿನಿಮಾ ನೋಡಿಯೇ ಹುಟ್ಟಿದವು. ನಿಧಿ ಹುಡುಕುವ ಗೇಮ್‌ಗಳ ಹಿಂದೆ ಇಂಡಿಯಾನಾ ಜೋನ್ಸ್ ಇದ್ದಾನೆ, ಜಾಂಬಿ ಗೇಮ್‌ಗಳ ಹಿಂದೆ ಹಳೇ ಜಾಂಬಿ ಸಿನಿಮಾಗಳಿವೆ. ಆ ಗೇಮನ್ನು ಮತ್ತೆ ಸಿನಿಮಾ ಮಾಡಿದರೆ ಜೆರಾಕ್ಸ್‌ನ ಜೆರಾಕ್ಸ್ ತೆಗೆದ ಹಾಗೆ ಅಕ್ಷರ ಮಸುಕಾಗುತ್ತದೆ. ನಿಧಿ ಹುಡುಕುವ ಗೇಮ್‌ನಿಂದ ಬಂದ 2022ರ ‘ಅನ್‌ಚಾರ್ಟೆಡ್’ ಸಿನಿಮಾ ನೋಡಿದಾಗ ನನಗೆ ಆಗಿದ್ದು ಅದೇ. ಗೇಮ್ ಆಡುವಾಗ ವಿಮಾನದಿಂದ ಜೋತಾಡುವ ಆ ಜಾಗದಲ್ಲಿ ಅಂಗೈ ಬೆವರಿತ್ತು. ಸಿನಿಮಾದಲ್ಲಿ ಅದೇ ದೃಶ್ಯ, ಇನ್ನೂ ಜಾಸ್ತಿ ಖರ್ಚು, ಅಂಗೈ ಒಣಗಿತ್ತು.

ಹೊತ್ತಿನ ಲೆಕ್ಕವೂ ಇದೆ. ಹದಿನೈದು, ಮೂವತ್ತು ಗಂಟೆ ಆಡಿದ್ದನ್ನು ಎರಡು ಗಂಟೆಗೆ ಇಳಿಸಬೇಕು. ಸೀರೀಸ್‌ಗಳು ಗೆದ್ದಿದ್ದಕ್ಕೆ ಇದು ದೊಡ್ಡ ಕಾರಣ. ಅವಕ್ಕೆ ಜಾಗ ಇದೆ, ಒಂದು ಚೀಟಿಯನ್ನು ಒಂದು ಕಂತು ಮಾಡುವಷ್ಟು.

ಆ ವಿಡಿಯೋ ಇಟ್ಟುಕೊಂಡೇ ಈಗ ವಿಮರ್ಶಕರ ಬಗ್ಗೆ ಯೋಚಿಸಿ. ಊರಿಗೆ ಸಂಬಂಧವಿಲ್ಲದ ಒಬ್ಬರು ಬಂದು ಆ ವಿಡಿಯೋ ನೋಡಿ ‘ಉದ್ದ ಜಾಸ್ತಿ, ದುರ್ಯೋಧನನ ಶ್ರುತಿ ಸರಿಯಿಲ್ಲ’ ಅಂದರೆ ಅದು ಪೂರ್ವಗ್ರಹವಾ? ಅಲ್ಲ, ಅವರು ಕಂಡದ್ದನ್ನು ಹೇಳಿದರು. ನಮ್ಮ ಮನೆಯವರು ‘ಎಷ್ಟು ಚೆನ್ನಾಗಿದೆ’ ಅಂದರೆ ಅದು ಸುಳ್ಳಾ? ಅದೂ ಅಲ್ಲ. ನಾವು ವಿಡಿಯೋ ಜೊತೆಗೆ ಆ ರಾತ್ರಿಯನ್ನೂ ನೋಡುತ್ತಿದ್ದೆವು. ಕೋಳಿ ಮೇಲೆ ಕೂತ ಜಾಂಬಿಗೆ ನನ್ನ ಅಕ್ಕನ ಮಗ ಎದ್ದು ಕೂಗಿದ್ದು ಹೀಗೇ. ಅವನು ನೋಡಿದ್ದು ಅವನ ಎರಡು ವರ್ಷ. ಸಿನಿಮಾ ಅವನ ನೆನಪಿನಿಂದ ಸಾಲ ತಗೊಂಡು ಆ ಕೂಗು ಹುಟ್ಟಿಸಿತು. ನೆನಪು ಇಲ್ಲದ ನನಗೆ ಅಲ್ಲಿ ಕೊಡಲು ಏನೂ ಇರಲಿಲ್ಲ. ವಿಮರ್ಶಕರು ಹೇಳಬೇಕಾದ್ದು ಆ ಸಾಲ ಬಿಟ್ಟು ಸಿನಿಮಾದ ಕೈಯಲ್ಲಿ ಸ್ವಂತದ್ದು ಏನಿದೆ ಅಂತ. ನನ್ನ ಮಟ್ಟಿಗೆ ಅದು ನ್ಯಾಯವಾದ ಪ್ರಶ್ನೆ.

2023ರ ‘ದಿ ಸೂಪರ್ ಮಾರಿಯೋ ಬ್ರದರ್ಸ್ ಮೂವಿ’ ಕತೆಯೂ ಅದೇ. ಗೇಮ್ ಕಟ್ಟಿದ ಶಿಗೆರು ಮಿಯಾಮೊಟೊ ಅವರೇ ನಿರ್ಮಾಪಕರಲ್ಲಿ ಒಬ್ಬರು. 136 ಕೋಟಿ ಡಾಲರ್ ಗಳಿಸಿತು. ಸಿನಿಮಾಸ್ಕೋರ್‌ನಲ್ಲಿ ಎ. ವಿಮರ್ಶಕರದು 59. ಜನ ರೊಚ್ಚಿಗೆದ್ದರು. ನಾನು ಎರಡು ಸಲ ನೋಡಿದೆ. ಆ ಪೈಪಿನ ಸದ್ದು ಕೇಳಿದಾಗ ಎದೆ ತುಂಬಿ ಬಂತು, ಕ್ಯಾಸೆಟ್ ಊದಿದ್ದು ನೆನಪಾಯಿತು. ನನ್ನ ಹೆಂಡತಿ ಗೇಮ್ ಆಡಿದವಳೇ ಅಲ್ಲ, ಅವಳು ಬಣ್ಣ ಚೆನ್ನಾಗಿದೆ ಅಂದಳು, ಆಮೇಲೆ ಫೋನ್ ತೆಗೆದಳು. ಎರಡನೇ ಸಲ ನೋಡುವಾಗ ಅವಳ ಕಣ್ಣಿಂದ ನೋಡಲು ಪ್ರಯತ್ನಪಟ್ಟೆ. ಒಂದು ದೃಶ್ಯದಿಂದ ಇನ್ನೊಂದಕ್ಕೆ ಓಟ, ಯಾರಿಗೂ ಏನೂ ನಿಜವಾಗಿ ಆಗುವುದಿಲ್ಲ. 59 ನನಗೆ ಬೇಸರ ತಂದಿತು, ಅನ್ಯಾಯ ಅನಿಸಲಿಲ್ಲ.

ವಿಮರ್ಶಕರ ನಿಜವಾದ ತಪ್ಪು ಬೇರೆ ಇದೆ, ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಹತ್ತು ವರ್ಷದಿಂದ ಎಷ್ಟೋ ವಿಮರ್ಶೆಗಳಲ್ಲಿ ‘ಗೇಮ್ ಸಿನಿಮಾಗಳಲ್ಲಿ ಇದು ಪರವಾಗಿಲ್ಲ’ ಅನ್ನುವ ಮಾತು ಬರುತ್ತದೆ. ಕೇಳಲು ಹೊಗಳಿಕೆ. ನನಗೆ ಬೈಗುಳಕ್ಕಿಂತ ಜಾಸ್ತಿ ನೋವು ಕೊಡುವುದು ಇದೇ. ಹಳ್ಳಿ ಹುಡುಗ ಫಸ್ಟ್ ಕ್ಲಾಸ್ ತಗೊಂಡರೆ ‘ಹಳ್ಳಿಯವನಾಗಿ ಇಷ್ಟು ತಗೊಂಡಿದ್ದೇ ದೊಡ್ಡದು’ ಅನ್ನುವುದಿಲ್ಲವಾ, ಹಾಗೆ. ಅಳತೆಗೋಲು ಕುಗ್ಗಿಸಿ ಪಾಸ್ ಮಾಡುವುದೂ ಪೂರ್ವಗ್ರಹವೇ, ಅದು ಪರವಾಗಿ ಇರುವಂತೆ ಕಾಣುತ್ತದೆ ಅಷ್ಟೇ. ಲಾಸ್ಟ್ ಆಫ್ ಅಸ್ ಬಂದ ಮೇಲಾದರೂ ಈ ಮಾತು ನಿಲ್ಲಬೇಕಿತ್ತು.

ಇನ್ನೊಂದು ಕಡೆ ಸ್ಟುಡಿಯೋಗಳೂ ಈ ಜಗಳದಲ್ಲಿ ಲಾಭ ಮಾಡಿಕೊಂಡಿವೆ. ವಿಮರ್ಶೆ ಕೆಟ್ಟದಾಗಿ ಬಂದ ತಕ್ಷಣ ‘ಇದು ಅಭಿಮಾನಿಗಳಿಗಾಗಿ ಮಾಡಿದ ಸಿನಿಮಾ’ ಅಂತ ಪ್ರಚಾರ. ನಮ್ಮ ಗಾಂಧಿನಗರದಲ್ಲೂ ‘ಫ್ಯಾನ್ಸ್‌ಗೆ ಹಬ್ಬ’ ಅನ್ನುತ್ತಾರಲ್ಲ, ಅದೇ. ಹೇಗಿದ್ದರೂ ಬರುತ್ತಾರೆ ಅನ್ನುವ ಧೈರ್ಯ ಆ ಮಾತಿನ ಹಿಂದೆ ಇದೆ. 2016ರ ‘ವಾರ್‌ಕ್ರಾಫ್ಟ್’ ಚೀನಾ ಒಂದರಲ್ಲೇ 20 ಕೋಟಿ ಡಾಲರ್‌ಗಿಂತ ಜಾಸ್ತಿ ಗಳಿಸಿತು, ಒಟ್ಟು 43 ಕೋಟಿ ದಾಟಿತು, ಗೇಮ್ ಸಿನಿಮಾಗಳಲ್ಲಿ ಆಗಿನ ಮಟ್ಟಿಗೆ ದಾಖಲೆ. ಎರಡನೇ ಭಾಗ ಬರಲೇ ಇಲ್ಲ. ಅಭಿಮಾನಿಗಳಿಗೆ ಅಂತ ಮಾಡಿದ ಸಿನಿಮಾ ಅಭಿಮಾನಿಗಳ ಆಚೆ ಹೋಗಲಿಲ್ಲ. ವಿಮರ್ಶಕರು ‘ಗೇಮ್ ಗೊತ್ತಿಲ್ಲದಿದ್ದರೆ ಯಾರು ಯಾರೆಂದೇ ತಿಳಿಯುವುದಿಲ್ಲ’ ಅಂದಿದ್ದು ಅದನ್ನೇ.

ಕಾಲವೂ ತನ್ನ ಕೆಲಸ ಮಾಡುತ್ತಿದೆ. ‘ಸೂಪರ್ ಮಾರಿಯೋ ಬ್ರದರ್ಸ್’ ಗೇಮ್ ಬಂದಿದ್ದು 1985ರಲ್ಲಿ. ಆಗ ಹತ್ತು ವರ್ಷ ಇದ್ದವರಿಗೆ ಈಗ ಐವತ್ತರ ಆಸುಪಾಸು. ಈಗ ವಿಮರ್ಶೆ ಬರೆಯುವವರಲ್ಲಿ ಬಹಳ ಜನ ಆಡಿ ಬೆಳೆದವರೇ. ‘ವಿಡಿಯೋ ಗೇಮ್ ತರ ಇದೆ’ ಅನ್ನುವ ಬೈಗುಳ ಕಡಿಮೆಯಾಗಿದ್ದಕ್ಕೆ ಇದೂ ಕಾರಣ. ಹಾಗಿದ್ದೂ ಬಾರ್ಡರ್‌ಲ್ಯಾಂಡ್ಸ್‌ಗೆ 10 ಬಂತು ಅನ್ನುವುದನ್ನು ಮರೆಯಬಾರದು. ಆಡಿದವರೇ ಬರೆದರೂ ಕೆಟ್ಟದ್ದು ಕೆಟ್ಟದ್ದೇ.

ನನಗೆ ಒಂದು ಆಸೆ ಇದೆ. ಕನ್ನಡ ಪತ್ರಿಕೆಗಳಲ್ಲಿ ಇಂಥ ಸಿನಿಮಾಗಳ ವಿಮರ್ಶೆ ಬರುವುದೇ ಅಪರೂಪ. ಬಂದರೂ ಕತೆ ಹೇಳಿ, ಗ್ರಾಫಿಕ್ಸ್ ಚೆನ್ನಾಗಿದೆ ಅಂದು ಮುಗಿಸುತ್ತಾರೆ. ತುಮಕೂರಿನ ಹುಡುಗನೊಬ್ಬ ತಾನು ನೋಡಿದ ಸಿನಿಮಾ ಬಗ್ಗೆ ಓದಬೇಕು ಅಂದರೆ ಅವನಿಗೆ ಸಿಗುವುದು ಇಂಗ್ಲಿಷ್‌ನ ಒಂದು ಪರ್ಸೆಂಟ್ ಮಾತ್ರ. ಬರೆಯುವವರು ಮೊದಲ ಸಾಲಿನಲ್ಲೇ ‘ನಾನು ಈ ಗೇಮ್ ಆಡಿದ್ದೇನೆ’ ಅಥವಾ ‘ಆಡಿಲ್ಲ’ ಅಂತ ಹೇಳಿಬಿಟ್ಟರೆ ಸಾಕು, ಓದುವವರಿಗೆ ಆ ಮಾತನ್ನು ಎಲ್ಲಿಟ್ಟು ತೂಗಬೇಕು ಅಂತ ತಿಳಿಯುತ್ತದೆ.

ನಾನೇ ಶುರು ಮಾಡುತ್ತೇನೆ. ಮೈನ್‌ಕ್ರಾಫ್ಟ್ ನಾನು ಆಡಿರಲಿಲ್ಲ. ಸಿನಿಮಾ ನೋಡಿದ ಮರುದಿನ ಅಕ್ಕನ ಮಗ ಪಕ್ಕದಲ್ಲಿ ಕೂರಿಸಿಕೊಂಡು ಆಡಿಸಿದ. ರಾತ್ರಿ ಆಗುವುದರೊಳಗೆ ಮಣ್ಣಿನಲ್ಲಾದರೂ ನಾಲ್ಕು ಗೋಡೆ ಕಟ್ಟಿಕೋ ಮಾಮ, ಇಲ್ಲಾಂದ್ರೆ ಸಾಯ್ತೀಯ ಅಂದ. ಕಟ್ಟಿದೆ. ಹೊರಗೆ ಏನೋ ಗುರುಗುಟ್ಟುವ ಸದ್ದು. ಬೆಳಗಾಗುವ ತನಕ ಆ ಮಣ್ಣಿನ ಗೂಡಿನಲ್ಲಿ ಸುಮ್ನೆ ನಿಂತಿದ್ದೆವು, ಇಬ್ಬರೂ ಮಾತಾಡಲಿಲ್ಲ. ಅಷ್ಟು ಭಯ, ಅಷ್ಟು ನೆಮ್ಮದಿ ಸಿನಿಮಾದಲ್ಲಿ ಒಂದು ನಿಮಿಷವೂ ಇರಲಿಲ್ಲ. ಅದರ ನಟ ಜ್ಯಾಕ್ ಬ್ಲ್ಯಾಕ್ ಕೂಗಾಟ ಇತ್ತು, ಓಟ ಇತ್ತು, 95 ಕೋಟಿ ಡಾಲರ್ ಗಳಿಕೆ ಇತ್ತು. ಐದಕ್ಕೆ ಎರಡೂವರೆ ಕೊಡುತ್ತೇನೆ. ಅವನು ಐದಕ್ಕೆ ಐದು ಅನ್ನುತ್ತಾನೆ. ಅವನದನ್ನು ಕಡಿಮೆ ಮಾಡು ಅಂತ ನಾನು ಕೇಳಿಲ್ಲ.